ಬ್ಯಾಟರಿ ಅಂಗಡಿಯವರ ಮನೆಯ ಬಸುರಿ

ನಮ್ಮನೆಯವರದು ಬ್ಯಾಟರಿ ಅಂಗಡಿ. ತುಮಕೂರಿನಲ್ಲಿ, ಗ್ಯಾರೇಜು, ಟಿಂಕರಿಂಗ್, ಪಂಕ್ಚರ್ ಅಂಗಡಿಗಳ ಸಾಲಿನಲ್ಲಿದೆ. ಮಾವನವರು ಶುರು ಮಾಡಿದ್ದು. ಹೊಸ ಬ್ಯಾಟರಿ ಮಾರುವುದು, ಹಳೆಯದನ್ನು ಚಾರ್ಜಿಂಗ್‌ಗೆ ಹಾಕುವುದು, ಸತ್ತ ಬ್ಯಾಟರಿ ಬಿಚ್ಚಿ ಪ್ಲೇಟು ಬದಲಿಸುವುದು, ಸೀಸ ಕರಗಿಸಿ ಟರ್ಮಿನಲ್ ಎರೆಯುವುದು ಎಲ್ಲ ಅಲ್ಲೇ. ಮನೆ ಅಂಗಡಿಯ ಹಿಂದೆಯೇ ಇದೆ. ನಡುವೆ ಒಂದು ಬಾಗಿಲು. ಕಾಫಿ ಬೇಕಾದರೆ ಅವರು ಅಲ್ಲಿಂದಲೇ ಕೂಗುತ್ತಾರೆ, ಊಟಕ್ಕೆ ನಾನು ಇಲ್ಲಿಂದಲೇ ಕರೆಯುತ್ತೇನೆ.

ನನ್ನ ಮೊದಲ ಬಸಿರು ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಅದರ ವಿವರ ಇಲ್ಲಿ ಬೇಡ. ಮುಂದೇನು ಎಂದು ಕೇಳಲು ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಎಲ್ಲ ಬರೆದುಕೊಟ್ಟರು. ಫೋಲಿಕ್ ಆಸಿಡ್ ಮಾತ್ರೆ ಈಗಿನಿಂದಲೇ ನುಂಗಿ ಎಂದರು. ಮಗುವಿನ ಮಿದುಳು, ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರದಲ್ಲಂತೆ. ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎನ್ನುವುದೇ ಗೊತ್ತಿರಲ್ಲ. ಆಮೇಲೆ ಅವರು ನಮ್ಮನೆಯವರ ಕಡೆ ತಿರುಗಿ, "ನಿಮ್ಮದು ಏನು ಕೆಲಸ?" ಎಂದರು. ನನ್ನ ತಪಾಸಣೆಗೆ ಅಂತ ಹೋದ ಕಡೆಯೆಲ್ಲ ಇವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದವರು. ಯಾರೂ ಇವರನ್ನು ಏನೂ ಕೇಳಿರಲಿಲ್ಲ.

"ಬ್ಯಾಟರಿ ಅಂಗಡಿ ಮೇಡಂ."

"ಮಾರೋದಷ್ಟೇನಾ, ಬಿಚ್ಚೋದೂ ಇದೆಯಾ?"

"ಎಲ್ಲಾ ಮಾಡ್ತೀವಿ."

ಡಾಕ್ಟರು ಇನ್ನೊಂದು ಪರೀಕ್ಷೆ ಸೇರಿಸಿದರು. ರಕ್ತದಲ್ಲಿ ಸೀಸ ಎಷ್ಟಿದೆ ಎನ್ನುವುದು. ಇಬ್ಬರಿಗೂ.

ಲ್ಯಾಬಿನವರು ಇದನ್ನು ಬೆಂಗಳೂರಿಗೆ ಕಳಿಸಬೇಕು, ಇಲ್ಲಿ ಆಗಲ್ಲ ಎಂದರು. ತೋಳಿನ ರಕ್ತನಾಳದಿಂದಲೇ ತೆಗೆಯಬೇಕು. ಬೆರಳು ಚುಚ್ಚಿ ತೆಗೆದರೆ ಬೆರಳಿಗೆ ಅಂಟಿದ ಸೀಸವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಇವರ ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗಿದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ಆ ಮಾತು ನನಗೆ ಥಟ್ಟನೆ ಅರ್ಥವಾಯಿತು.

ರಿಪೋರ್ಟು ಬಂತು. ಇವರದು ಡೆಸಿಲೀಟರ್‌ಗೆ, ಅಂದರೆ ನೂರು ಮಿಲಿಲೀಟರ್ ರಕ್ತಕ್ಕೆ, 34 ಮೈಕ್ರೋಗ್ರಾಂ, ನನ್ನದು 9. ವಿಶ್ವ ಆರೋಗ್ಯ ಸಂಸ್ಥೆ 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ ಎನ್ನುತ್ತದೆ. 5ರ ಕೆಳಗಿದ್ದರೆ ಏನೂ ಆಗಲ್ಲ ಎಂದೂ ಅಲ್ಲ. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆ ಸೀಸಕ್ಕೆ ಇಲ್ಲ. ನಾನು ಅಂಗಡಿಯ ಒಳಗೆ ಕಾಲಿಡುವುದೇ ಅಪರೂಪ. ಆ 9 ಎಲ್ಲಿಂದ ಬಂತು?

"ನಡುವಿನ ಬಾಗಿಲಿಂದ ಬಂತು," ಎಂದರು ಡಾಕ್ಟರು. ಬಟ್ಟೆ, ಚಪ್ಪಲಿ, ಕೂದಲು, ಕೈ. ಇವರು ಅಂಗಡಿಯಿಂದ ಬಂದು ಹಾಗೇ ಮಂಚದ ಮೇಲೆ ಕಾಲು ಚಾಚುತ್ತಾರೆ. ಅವರ ಪ್ಯಾಂಟು ನನ್ನ ಸೀರೆ, ನೈಟಿಗಳ ಜೊತೆಯೇ ಮೆಷಿನ್ನಿಗೆ ಬೀಳುತ್ತದೆ. ಬೆಳಿಗ್ಗೆ ನಾನು ಪೊರಕೆ ಹಿಡಿದು ಗುಡಿಸಿದರೆ ಆ ಧೂಳೆಲ್ಲ ಮತ್ತೆ ಗಾಳಿಗೆ ಏಳುತ್ತದೆ, ಅಡುಗೆ ಮನೆಯ ಕಟ್ಟೆಯ ಮೇಲೆ ಕೂರುತ್ತದೆ.

ಹಾಗಾದರೆ ಮೊದಲ ಬಸಿರು ಹೋದದ್ದು ಇದರಿಂದಲೇನಾ ಎಂದು ಕೇಳಿದೆ. "ಹಾಗೆ ಹೇಳೋಕಾಗಲ್ಲಮ್ಮ. ಸೀಸ ಜಾಸ್ತಿ ಇದ್ದರೆ ಗರ್ಭಪಾತದ ಸಾಧ್ಯತೆ ಹೆಚ್ಚು. ಆದರೆ ಎಷ್ಟೋ ಗರ್ಭ ಬೇರೆ ಕಾರಣಕ್ಕೂ ಹೋಗುತ್ತೆ. ನಿಮ್ಮದು ಯಾವುದು ಅಂತ ಯಾರೂ ಹೇಳೋಕಾಗಲ್ಲ," ಎಂದರು. ಆ ಉತ್ತರ ನನಗೆ ಒಳ್ಳೆಯದನ್ನೇ ಮಾಡಿತು. ಮನೆಗೆ ಹೋಗಿ ಯಾರ ಮೇಲೂ ತಪ್ಪು ಹಾಕುವ ಹಾಗಿರಲಿಲ್ಲ.

ಅವತ್ತು ತಿಳಿದುಕೊಂಡ ಇನ್ನೊಂದು ವಿಷಯ ಈಗಲೂ ನನಗೆ ಸೋಜಿಗ. ನಮ್ಮ ಮೈ ಸೀಸವನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮೂಳೆಯಲ್ಲೇ ಇರುತ್ತದೆ. ಅಲ್ಲಿ ಹತ್ತಾರು ವರ್ಷ ಸುಮ್ನೆ ಕೂತಿರುತ್ತದೆ. ಬಸಿರಾದಾಗ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಕಷ್ಟು ಸಿಗದಿದ್ದರೆ ಮೈ ತಾಯಿಯ ಮೂಳೆ ಕರಗಿಸಿ ಕೊಡುತ್ತದೆ, ಜೊತೆಗೆ ಸೀಸವನ್ನೂ ಬಿಟ್ಟುಕೊಡುತ್ತದೆ. ಮಾಸು, ಹೊಕ್ಕುಳಬಳ್ಳಿ ಯಾವುದೂ ಅದನ್ನು ತಡೆಯುವುದಿಲ್ಲ. ಬೆಳೆಯುತ್ತಿರುವ ಮಿದುಳಿಗೆ ಅದು ವಿಷ. ರಕ್ತದಲ್ಲಿರುವ ಸೀಸ ಮಾತ್ರ, ಹೊಸದು ಸೇರದಿದ್ದರೆ, ಸುಮಾರು ತಿಂಗಳಿಗೆ ಅರ್ಧದಷ್ಟಾಗುತ್ತದೆ. ಮೂಳೆಯದು ಸ್ವಲ್ಪ ಸ್ವಲ್ಪ ಬರುತ್ತಿರುವುದರಿಂದ ಲೆಕ್ಕ ಅಷ್ಟು ಸಲೀಸಾಗಿ ನಡೆಯಲ್ಲ, ಅಷ್ಟೆ. ಗಂಡಸಿನ ವೀರ್ಯಕ್ಕೂ ಸೀಸದ ಪೆಟ್ಟು ಬೀಳುತ್ತದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು.

"ಆರು ತಿಂಗಳು ತಡೀರಿ. ಅಷ್ಟರಲ್ಲಿ ಮನೆ ಸರಿ ಮಾಡಿಕೊಳ್ಳಿ," ಎಂದರು. ಸೀಸ ಹೊರಗೆ ಹಾಕುವ ಔಷಧಿ ಇದೆಯಲ್ವಾ ಎಂದು ಇವರು ಕೇಳಿದರು. ಇದೆ, ಆದರೆ ಅದು ತುಂಬಾ ಹೆಚ್ಚಿದ್ದವರಿಗೆ. ನಿಮಗೆ ಔಷಧಿ ಅಂದರೆ ನಲ್ಲಿ ಮತ್ತು ಸೋಪು ಎಂದರು.

ಅತ್ತೆಗೆ ಇದು ಹಿಡಿಸಲಿಲ್ಲ. "ನಿಮ್ಮಪ್ಪ ಸೀಸ ಕಾಯಿಸಿಯೇ ನಿಮ್ಮನ್ನೆಲ್ಲ ಓದಿಸಿದ್ದು. ನಾನು ಇದೇ ಮನೇಲಿ ಮೂರು ಹೆತ್ತೆ. ಏನಾಗಿದೆ ಈಗ?" ಎಂದು ಮಗನಿಗೆ ಕೇಳಿದರು. ಇದಕ್ಕೆ ಏನು ಉತ್ತರ ಕೊಡುವುದು? ಮಾವನವರಿಗೆ ಬಿಪಿ ಇದೆ. ಸೀಸದಿಂದ ಬಿಪಿ ಬರುವುದುಂಟು. ಸೀಸ ಮುಟ್ಟದವರಿಗೂ ಬಿಪಿ ಬರುತ್ತದೆ. ನಾನು ಬಾಯಿ ಬಿಡಲಿಲ್ಲ. ಮಾವನವರೇ ಪೇಪರಿನಿಂದ ತಲೆ ಎತ್ತಿ, "ಆಗ ಪೆಟ್ರೋಲಿನಲ್ಲೂ ಸೀಸ ಇತ್ತು ಕಣೇ, ಊರಿಗೆಲ್ಲ ಇತ್ತು. ಈಗ ತೆಗೆದಿಲ್ವಾ?" ಎಂದರು.

ಅವರು ಹೇಳಿದ್ದು ಸರಿ. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಅದಕ್ಕೆ ಸ್ವಲ್ಪ ಮುಂಚೆ, ಬೆಂಗಳೂರೂ ಸೇರಿ 7 ನಗರಗಳಲ್ಲಿ ಜಾರ್ಜ್ ಫೌಂಡೇಶನ್ ರಕ್ತ ಪರೀಕ್ಷೆ ಮಾಡಿಸಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ, ಆಗ ಮಿತಿ ಎಂದುಕೊಂಡಿದ್ದ 10ಕ್ಕಿಂತ ಜಾಸ್ತಿ ಸೀಸ ಸಿಕ್ಕಿತ್ತು. ಆ ಕೆಲಸದಲ್ಲಿದ್ದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. ಹಗಲೆಲ್ಲ ಸೀಸದ ಜೊತೆ ಬದುಕುವ ನಾವು ಅವರ ಹೆಸರೇ ಕೇಳಿರಲಿಲ್ಲ.

ಮಾವನವರು ಒಪ್ಪಿದ ಮೇಲೆ ಕೆಲಸ ಸುಲಭವಾಯಿತು. ಮೊದಲು ನಡುವಿನ ಬಾಗಿಲಿಗೆ ಬೀಗ ಬಿತ್ತು. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಇವರು ಶೀಟು ಹೊದಿಸಿ ಸ್ನಾನದ ಜಾಗ ಮಾಡಿಕೊಂಡರು. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿ, ತಲೆಗೂ ನೀರು ಹಾಕಿಕೊಂಡು, ಬೇರೆ ಬಟ್ಟೆ ಹಾಕಿ, ರಸ್ತೆಯ ಕಡೆಯಿಂದ ಸುತ್ತಿಕೊಂಡು ಮನೆಗೆ ಬರಬೇಕು. ಕೆಲಸದ ಬಟ್ಟೆ ಅಲ್ಲಿನ ಬಕೆಟ್ಟಿನಲ್ಲೇ ನೆನೆದು ಅಲ್ಲೇ ಒಣಗಬೇಕು. ಒಗೆಯುವವರು ಅವರೇ. ಚಪ್ಪಲಿ ಹೊಸಿಲು ದಾಟುವಂತಿಲ್ಲ. ಮೊಬೈಲ್ ನಮಗೆ ತಡವಾಗಿ ಹೊಳೆಯಿತು. ದಿನವಿಡೀ ಅದೇ ಕೈಯಲ್ಲಿ ಹಿಡಿದ ಫೋನು ರಾತ್ರಿ ದಿಂಬಿನ ಪಕ್ಕ ಇರುತ್ತದೆ, ಅಲ್ವಾ? ಈಗ ಅದಕ್ಕೂ ಒದ್ದೆ ಬಟ್ಟೆಯ ಉಪಚಾರ. ಗಾಡಿ ಕೀಲಿಗೂ.

ಒಳಗೆ ಪೊರಕೆ ಬಿಟ್ಟೆವು. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಆ ನೀರನ್ನು ಅಂಗಳಕ್ಕೆ ಎರಚದೆ ಬಚ್ಚಲಿಗೆ ಸುರಿಯುವುದು. ಹಳೆಯ ಹತ್ತಿ ಹಾಸಿಗೆ ಮನೆಯಿಂದ ಹೊರಗೆ ಹೋಯಿತು. ಆ ಆರು ತಿಂಗಳು ಒರೆಸುವ ಕೆಲಸವೂ ಇವರದೇ ಆಗಿತ್ತು. ನೆರೆಮನೆಯವರು ನೋಡಿ ನಕ್ಕರು. ನಗಲಿ ಬಿಡಿ.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅಂಗಡಿ ತೆಗೆದು ಹತ್ತು ಗಂಟೆಗೆ ಬಂದು ತಿಂಡಿ ತಿನ್ನುವುದು ಇವರ ರೂಢಿ. ಹೊಟ್ಟೆ ಖಾಲಿ ಇದ್ದಾಗ ಸೀಸ ಹೆಚ್ಚು ಮೈಗೆ ಹತ್ತುತ್ತದಂತೆ. ಅದಕ್ಕೇ ತಿಂಡಿ ತಿಂದೇ ಹೋಗುವುದು ಎಂದಾಯಿತು. ಅಂಗಡಿಯಲ್ಲಿ ಟೀ, ಬೀಡಿ ಎರಡೂ ಬಂದ್. ಕೈಯ ಸೀಸ ಬೀಡಿಯ ಜೊತೆ ನೇರ ಬಾಯಿಗೆ ಹೋಗುತ್ತದೆ. ಬೀಡಿ ಬಿಡುವುದು ಎಷ್ಟು ಕಷ್ಟ ಎಂದು ಇವರನ್ನೇ ಕೇಳಬೇಕು. ನಾನು ಬರೆದರೆ ಸುಲಭವಾಗಿ ಕಾಣುತ್ತದೆ.

ನಿಜವಾದ ಜಗಳ ದುಡ್ಡಿನದು. ಸೀಸ ಕರಗಿಸುವಾಗ ಏಳುವ ಹೊಗೆ, ಪ್ಲೇಟು ಒಡೆಯುವಾಗ ಹಾರುವ ಪುಡಿ, ಇವೆರಡೇ ಎಲ್ಲಕ್ಕಿಂತ ಕೆಟ್ಟವು. ಆದರೆ ಹಳೆ ಬ್ಯಾಟರಿ ಬಿಚ್ಚಿ ಸರಿಮಾಡುವುದರಲ್ಲೇ ಲಾಭ ಜಾಸ್ತಿ. ಕಾರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಗುಜರಿಯವನು ಕೈಯಲ್ಲೇ ನಗದು ಎಣಿಸುತ್ತಾನೆ. ಕಂಪನಿಯ ಡೀಲರಿಗೆ ವಾಪಸ್ ಕೊಟ್ಟರೆ ಅದು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು, ತಯಾರಕರೇ ಅದಕ್ಕೆ ಹೊಣೆ. ಕಾಗದದಲ್ಲಿ ಅದು ಚೆಂದ. ನಮ್ಮ ಸಾಲಿನ ಅಂಗಡಿಗಳಿಗೆ ದಿನಾ ಬರುವುದು ಮಾತ್ರ ಗುಜರಿ ಗಾಡಿ.

ಕೊನೆಗೆ ಇವರು ಎರೆಯುವ ಕೆಲಸ ನಿಲ್ಲಿಸಿದರು. ಮಾರಾಟ, ಚಾರ್ಜಿಂಗ್, ಡಿಸ್ಟಿಲ್ಡ್ ವಾಟರ್, ಯುಪಿಎಸ್ ಸರ್ವಿಸ್ ಮಾತ್ರ ಉಳಿಯಿತು. ಆದಾಯ ಕಣ್ಣಿಗೆ ಕಾಣುವಷ್ಟು ಇಳಿಯಿತು. ನಾನು ಅತಿಥಿ ಶಿಕ್ಷಕಿ, ನನ್ನ ಸಂಬಳ ಯಾವ ತಿಂಗಳು ಬರುತ್ತದೆ ಎಂದು ಇಲಾಖೆಗೇ ಗೊತ್ತಿರುವುದಿಲ್ಲ. ಒಂದು ಚೀಟಿ ಬಿಡಬೇಕಾಯಿತು. ಬಸುರಿ ಜಾಗ್ರತೆಯಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೈಯಲ್ಲಿದ್ದ ಜಾಗ್ರತೆ ಮಾತ್ರೆ ನುಂಗುವಷ್ಟು, ಕೈ ತೊಳೆಯುವಷ್ಟು. ಉಳಿದದ್ದೆಲ್ಲ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು.

ಅಡುಗೆ ಮನೆಯಲ್ಲೂ ಒಂದೆರಡು ವಿಷಯ ಎದ್ದವು. ಪೇಟೆಯ ಅರಿಶಿನ ಬಿಟ್ಟು ಕೊಂಬು ತಂದು ಬೀಸಿಸಿದರೆ ಸಾಕು ಎಂದುಕೊಂಡಿದ್ದರು ಅತ್ತೆ. ಆದರೆ ಕೆಲವು ಕಡೆ ಕೊಂಬಿಗೇ ಹೊಳಪು ಬರಲೆಂದು ಸೀಸದ ಹಳದಿ ಬಣ್ಣ ಹಚ್ಚುತ್ತಾರೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದ ಸೀಸಕ್ಕೆ ಅರಿಶಿನವೇ ಒಂದು ಕಾರಣ ಎಂದು 2019ರಲ್ಲಿ ಪತ್ತೆಯಾಯಿತು. ಅದಕ್ಕೆ ಕಣ್ಣು ಕೋರೈಸುವ ಹಳದಿ ಕೊಂಬು ಬೇಡ. ಮಾಸಲು ಬಣ್ಣದ, ಸಿಪ್ಪೆ ಒರಟಾಗಿರುವ ಕೊಂಬನ್ನು ಗುರುತಿನ ರೈತರಿಂದ ತಂದೆವು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ತವರಕ್ಕೆ ಸೀಸ ಬೆರೆಸುವುದೂ ಉಂಟು. ಹುಣಸೆಹಣ್ಣಿನ ಸಾರಿಗೆ ಸ್ಟೀಲು ಪಾತ್ರೆ ಬಂತು.

ಇಷ್ಟರ ನಡುವೆ ಸಂಬಂಧಿಕರೊಬ್ಬರು "ಗರ್ಭ ನಿಲ್ಲೋಕೆ" ಎಂದು ಒಂದು ಪೊಟ್ಟಣ ಕೊಟ್ಟರು. ಬೂದುಬಣ್ಣದ ಪುಡಿ. ಹೆಸರಿಲ್ಲ, ಚೀಟಿಯಿಲ್ಲ, ಲೈಸೆನ್ಸ್ ನಂಬರಿಲ್ಲ. ಜೇನಿನಲ್ಲಿ ಕಲಸಿ ನೆಕ್ಕಬೇಕಂತೆ. ಡಾಕ್ಟರಿಗೆ ತೋರಿಸಿದೆ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ 6 ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿದ್ದಕ್ಕೆ ಇಂಥ ಆಯುರ್ವೇದದ ಔಷಧಿಗಳೇ ಕಾರಣ ಎಂದು ಅಲ್ಲಿನ ಆರೋಗ್ಯ ಇಲಾಖೆ ಕಂಡುಹಿಡಿದಿತ್ತು ಎಂದರು. ಲೋಹದ ಭಸ್ಮ ಹಾಕಿ ಮಾಡುವ ಔಷಧಿಗಳಿವೆ. ಒಳಗೇನಿದೆ ಎಂದು ಬರೆಯದ ಯಾವ ಪುಡಿಯೂ ನಿನ್ನ ಬಾಯಿಗೆ ಬೇಡಮ್ಮ ಎಂದರು. ಪೊಟ್ಟಣ ಕೊಟ್ಟವರಿಗೆ ತಗೊಂಡೆ ಎಂದೇ ಹೇಳಿದ್ದೇನೆ. ಸಂಬಂಧ ಉಳಿಯಬೇಕಲ್ಲ.

ಆರು ತಿಂಗಳ ನಂತರ ಇವರದು 21, ನನ್ನದು 5ಕ್ಕಿಂತ ಸ್ವಲ್ಪ ಕೆಳಗೆ. ಇನ್ನು ಪ್ರಯತ್ನಿಸಬಹುದು ಎಂದರು. ದೇವರ ದಯೆ, ಬೇಗ ಬಸಿರು ನಿಂತಿತು.

ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡು ಮಾಡಿಸಿದರು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಎರಡನ್ನೂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಎರಡು ಗಂಟೆ ಬಿಟ್ಟು. ನನ್ನ ಪಾಲಿಗೆ ಈ ಮಾತ್ರೆಗಳು ಬರೀ ರಕ್ತಕ್ಕಲ್ಲ. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಕರುಳು ಸೀಸವನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಮಾತೃಪೂರ್ಣ ಯೋಜನೆಯ ಊಟಕ್ಕೆ ಅಂಗನವಾಡಿಗೂ ಹೋಗುತ್ತಿದ್ದೆ. ಸೊಪ್ಪಿನ ಸಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಟೀಚರ್ ಆಗಿ ಅಲ್ಲಿ ಹೋಗಿ ಕೂರ್ತೀಯಾ ಎಂದವರೂ ಇದ್ದರು. ರುಚಿ ಚೆನ್ನಾಗಿತ್ತು, ಹೋಗುತ್ತಿದ್ದೆ.

ನಾಲ್ಕನೇ ತಿಂಗಳಿಗೆ ಬಳಪದ ಆಸೆ ಶುರುವಾಯಿತು. ಬಸುರಿಯರು ಬಳಪ, ಒಲೆಯ ಮಣ್ಣು, ಹಸಿ ಅಕ್ಕಿ ತಿನ್ನುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನನ್ನ ಚೀಲದಲ್ಲಿ ಶಾಲೆಯ ಬಳಪದ ಡಬ್ಬಿ ಬೇರೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಮಣ್ಣಿನ ಆಸೆ ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತು ಎಂದು ಮತ್ತೆ ರಕ್ತ ನೋಡಿದರು. ಹಿಮೋಗ್ಲೋಬಿನ್ 9.4. ಬಸುರಿಯರಿಗೆ 11 ಇರಬೇಕು. ಮಾತ್ರೆ ಹೆಚ್ಚಿಸಿದರು. ಮಣ್ಣಿನಲ್ಲೂ ಸೀಸ ಇರಬಹುದು, ಅದರಲ್ಲೂ ಬ್ಯಾಟರಿ ಅಂಗಡಿಯ ಹಿತ್ತಲಿನ ಮಣ್ಣು ಎಂದರೆ ಕೇಳಲೇಬೇಡಿ. ಹುರಿದ ಕಡಲೆ ಜೇಬಿನಲ್ಲಿ ಇಟ್ಟುಕೊಂಡು ಆ ದಿನಗಳನ್ನು ದಾಟಿದೆ. ರಕ್ತ ಏರಿದ ಹಾಗೆ ಆಸೆಯೂ ಇಳಿಯಿತು.

ಸೀಮಂತಕ್ಕೆ ಮನೆಗೆ ಬಣ್ಣ ಹೊಡೆಸಬೇಕು ಎಂದರು ಅತ್ತೆ. ಈಗ ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ದಾಟಬಾರದು. 2016ರಲ್ಲಿ ನಿಯಮ ಬಂದು 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ತೊಂದರೆ ಹೊಸ ಬಣ್ಣದ್ದಲ್ಲ. ನಮ್ಮ ಕಿಟಕಿ ಬಾಗಿಲಿನ ಹಳೇ ಹಸಿರು ಎಣ್ಣೆ ಬಣ್ಣ ಯಾವ ಕಾಲದ್ದೋ. ಪೇಂಟರು ಬಂದರೆ ಮೊದಲು ಮಾಡುವುದೇ ಅದನ್ನು ಎಮರಿ ಪೇಪರಿನಲ್ಲಿ ಉಜ್ಜುವುದು. ಆ ಪುಡಿ ಮನೆ ತುಂಬ ಹಾರುತ್ತದೆ. ಇವರು ಮತ್ತು ಅತ್ತೆ ನಡುವೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗೋಡೆಗೆ ಮಾತ್ರ ಸುಣ್ಣ, ಬಾಗಿಲು ಕಿಟಕಿ ಮುಟ್ಟಲಿಲ್ಲ. ಸೀಮಂತದ ಫೋಟೋಗಳಲ್ಲಿ ಹಿಂದೆ ಕಿತ್ತುಹೋದ ಬಾಗಿಲು ಕಾಣುತ್ತದೆ ಎಂದು ಅತ್ತೆಗೆ ಈಗಲೂ ಬೇಜಾರು.

ತವರು ಪಾವಗಡ ತಾಲ್ಲೂಕಿನ ಹಳ್ಳಿ. ಅಲ್ಲಿ ಸೀಸವಿಲ್ಲ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ, ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ, ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟುತ್ತವೆ. ಅಮ್ಮ ಕುದಿಸಿ ಕೊಡ್ತೀನಿ ಎಂದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಮ್ಮ ಕ್ಯಾನು ಹೊತ್ತು ತಂದ. ಕುಡಿಯಲು ಮಾತ್ರವಲ್ಲ, ಅನ್ನ ಸಾರಿಗೂ ಅದೇ.

ಅಡುಗೆಗೆ ಗ್ಯಾಸ್ ಇದೆ. ಸ್ನಾನದ ನೀರಿಗೆ ಮಾತ್ರ ಹಂಡೆ ಒಲೆ. ಬೆಂಕಿ ಹತ್ತಲಿ ಎಂದು ಪ್ಲಾಸ್ಟಿಕ್ ಕವರು, ಹಳೇ ಟೈರಿನ ಚೂರು ತುರುಕುತ್ತಿದ್ದರು. ಅದು ನಿಂತಿತು. ಉರಿ ಆರಿದ ಮೇಲೆ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ಕಟ್ಟಿಗೆ ಹೊಗೆಯಲ್ಲೇ ಇರುವ ತಾಯಂದಿರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆ ಹೆಚ್ಚು. ಸೊಳ್ಳೆ ಬತ್ತಿ ಬದಲು ಪರದೆ ಕಟ್ಟಿಕೊಂಡೆ. ಅಪ್ಪ ಕಡಲೆಕಾಯಿ ಹೊಲಕ್ಕೆ ಔಷಧಿ ಹೊಡೆಯುವ ದಿನ ಕ್ಯಾನು, ಬಟ್ಟೆ ಎಲ್ಲ ಪಂಪಿನ ಮನೆಯಲ್ಲೇ ಇಟ್ಟು ಬರುತ್ತಿದ್ದರು. ಅಳಿಯನಿಂದ ಕಲಿತದ್ದು ಎಂದು ಹೇಳಿಕೊಳ್ಳುತ್ತಿದ್ದರು.

ಎಂಟನೇ ತಿಂಗಳಲ್ಲಿ ಮತ್ತೆ ರಕ್ತ ನೋಡಿದಾಗ ಸೀಸ 6ಕ್ಕೆ ಏರಿತ್ತು. ನಾನು ಹೆದರಿದೆ. ಇದು ಹೊಸದಲ್ಲ, ಮೂಳೆಯಿಂದ ಬಿಟ್ಟದ್ದು, ಕೊನೆಯ ತಿಂಗಳುಗಳಲ್ಲಿ ಹೀಗೆ ಏರುವುದುಂಟು ಎಂದರು ಡಾಕ್ಟರು. ಕ್ಯಾಲ್ಸಿಯಂ ತಪ್ಪಿಸಬೇಡ ಎಂದರು. ಎದೆಹಾಲು ಕೊಡಬಹುದಾ ಎಂದು ಕೇಳಿದೆ. ನಿನ್ನ ಮಟ್ಟಕ್ಕೆ ಧಾರಾಳವಾಗಿ ಕೊಡು ಎಂದರು.

ಮಗಳು ದಿನ ತುಂಬಿ ಹುಟ್ಟಿದಳು, 2.8 ಕಿಲೋ. ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಬೇಡ ಎಂದದ್ದಕ್ಕೆ ಅಜ್ಜಿ ಮೂರು ದಿನ ಮಾತು ಬಿಟ್ಟರು. ಮಗಳಿಗೆ ವರ್ಷ ತುಂಬಿದಾಗ ಒಮ್ಮೆ ಪರೀಕ್ಷೆ ಮಾಡಿಸಬೇಕು. ಅಂಬೆಗಾಲಿಟ್ಟು ನೆಲದ ಧೂಳನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ನಾವು ಎರೆಯುವುದು ನಿಲ್ಲಿಸಿದ ಮೇಲೆ ಪಕ್ಕದ ಅಂಗಡಿಗೆ ಹೋದ. ಅಲ್ಲಿ ಸೀಸ ಕರಗಿಸುವ ಕೂಲಿ ಜಾಸ್ತಿ. ಅವನಿಗೆ ಈ ವರ್ಷ ಮದುವೆ ಆಗಿದೆ. ನಮ್ಮ ನಲ್ಲಿಯಲ್ಲೇ ಸ್ನಾನ ಮಾಡಿಕೊಂಡು ಹೋಗು ಎಂದು ಇವರು ಹೇಳಿದ್ದಾರೆ. ಕೆಲವು ದಿನ ಬರುತ್ತಾನೆ, ಕೆಲವು ದಿನ ಬರುವುದಿಲ್ಲ. ರಕ್ತ ಪರೀಕ್ಷೆಯ ದುಡ್ಡು ನಾವು ಕೊಡ್ತೀವಿ ಎಂದರೂ, "ಜಾಸ್ತಿ ಅಂತ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ ಅಕ್ಕಾ?" ಎನ್ನುತ್ತಾನೆ.